ಐವತ್ತೆರಡು ಹುಟ್ಟಿನ ಹೊಳೆ

ಮೂರನೇ ಅಳಿವೆಯ ಒಂದನೇ ವರ್ಷ, ದಪ್ಪಗಾಲದ ಕೊನೆ
ಮಳೆಗೆ ಮೂವತ್ತೆಂಟು ದಿನ ಉಳಿದಿರುವಾಗ
ನಡುಕೋಡಿಯಿಂದ

ಹಿಂದಿನವರಿಗೆ,

ಮೇಲಿನ ತಾರೀಖು ನಿಮಗೆ ಅರ್ಥವಾಗದು, ಕ್ಷಮಿಸಿ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ಇನ್ನೂರ ಅರವತ್ತರ ಆಸುಪಾಸು ಇರಬೇಕು. ಖಚಿತವಾಗಿ ಹೇಳಬಲ್ಲವರು ಇಲ್ಲಿ ಯಾರೂ ಇಲ್ಲ. ನಾವು ವರ್ಷಗಳನ್ನು ಅಳಿವೆಯಿಂದ ಎಣಿಸುತ್ತೇವೆ. ಹೊಳೆ ಮರಳದಂಡೆಯನ್ನು ಸೀಳಿ ಕಡಲಿಗೆ ಹೊಸ ಬಾಯಿ ತೆರೆದ ದಿನ ಹಳೆಯ ಎಣಿಕೆ ಮುಗಿಯುತ್ತದೆ, ಮರುದಿನದಿಂದ ಮತ್ತೆ ಒಂದು. ಮೊದಲನೇ ಅಳಿವೆ ನಿಮ್ಮದು. ಎರಡನೆಯದು ನೂರ ನಾಲ್ಕು ವರ್ಷ ಬಾಳಿತು. ಮೂರನೆಯದು ಕಳೆದ ಮಳೆಗಾಲದಲ್ಲಿ ನನ್ನ ಕಣ್ಣೆದುರೇ ತೆರೆಯಿತು. ಆ ದಿನ ಏನಾಯಿತು, ಅದರಲ್ಲಿ ನನ್ನ ತಪ್ಪು ಎಷ್ಟು, ಈಗ ನಿಮ್ಮಿಂದ ನನಗೆ ಏನು ಬೇಕು ಎಂಬುದನ್ನು ಹೇಳುವುದಕ್ಕೆ ಈ ಪತ್ರ.

ನನ್ನ ಹೆಸರು ಶೇಷಿ. ಘಟ್ಟದ ಬುಡದ ಓದುಮನೆಯಲ್ಲಿ ಮೂರು ವರ್ಷ ನಿಮ್ಮ ಕಾಲದ ಬರವಣಿಗೆಯನ್ನು ಓದಿದವಳು. ಆದಷ್ಟು ನಿಮ್ಮಂತೆಯೇ ಬರೆಯಲು ನೋಡುತ್ತೇನೆ. ಜನ ಆಡಿದ ಮಾತನ್ನು ಮಾತ್ರ ಅವರು ಆಡಿದ ಹಾಗೇ ಇಡುತ್ತೇನೆ. ಈ ಕರಾವಳಿಯ ಆಡುಮಾತು ನಿಮ್ಮ ಕಾಲದಿಂದ ಈಚೆಗೆ ಹೆಚ್ಚು ಬದಲಾಗಿಲ್ಲ ಎಂದು ಓದುಮನೆಯಲ್ಲಿ ಹೇಳುತ್ತಿದ್ದರು. ನೆಲ ಬದಲಾದಷ್ಟಂತೂ ಬದಲಾಗಿಲ್ಲ. ಮುಂದಿನವರು ಬರೆದದ್ದು ಹಿಂದಿನವರಿಗೆ ಮುಟ್ಟುವುದು ಹೇಗೆ ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಪ್ರತಿ ವರ್ಷ ಮಳೆ ಮುಗಿದಾಗ ನಿಮ್ಮ ಕಾಲದ ಸಾಮಾನು ನಮ್ಮ ಮರಳಿನಿಂದ ಮೇಲೆ ಬರುತ್ತದೆ: ಒಂಟಿ ಚಪ್ಪಲಿ, ಬಾಟಲಿಯ ಮುಚ್ಚಳ, ಹಲ್ಲುಜ್ಜುವ ಬ್ರಷ್ಷು, ಒಮ್ಮೆ ಬಣ್ಣ ಕೂಡ ಮಾಸದ ಒಂದು ಕೆಂಪು ಕುರ್ಚಿ. ನಿಮ್ಮದು ನಮಗೆ ಬರುವುದಾದರೆ ನಮ್ಮದೊಂದು ನಿಮಗೆ ಬರಬಹುದು ಎಂಬ ಒಂದೇ ಆಸೆಯ ಮೇಲೆ ಬರೆಯುತ್ತಿದ್ದೇನೆ.

ನಡುಕೋಡಿ ಎಂದರೆ ಮರಳಿನ ಒಂದು ನಾಲಗೆ. ತೆಂಕಿನ ತುದಿಯಲ್ಲಿ ನೆಲಕ್ಕೆ ಅಂಟಿಕೊಂಡಿದೆ, ಬಡಗಿನ ತುದಿಯಲ್ಲಿ ಬಿಡಿಯಾಗಿದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ನಾವು ನೂರ ಮೂವತ್ತು ಮನೆಯವರು. ಇಲ್ಲಿ ವರ್ಷಕ್ಕೆ ಎರಡೇ ಕಾಲ. ಮಳೆಯ ತೆರೆಗಳು ದಂಡೆಯ ಮರಳನ್ನು ಕೆರೆದು ಕಡಲೊಳಗೆ ಎಳೆದು, ದಡದಿಂದ ಕೂಗಳತೆ ದೂರದಲ್ಲಿ ನೀರಿನಡಿ ಗುಪ್ಪೆ ಹಾಕುತ್ತವೆ. ಆಗ ದಂಡೆ ಸವೆದ ಸಾಬೂನಿನಂತಾಗುತ್ತದೆ, ಅದು ತೆಳುಗಾಲ. ಮಳೆ ನಿಂತ ಮೇಲೆ ಬರುವ ಸಣ್ಣ ತೆರೆಗಳಿಗೆ ಬೇರೆ ಬುದ್ಧಿ. ಅವು ಅದೇ ಗುಪ್ಪೆಯಿಂದ ಒಂದೊಂದು ಹಿಡಿ ತಂದು ಮತ್ತೆ ದಡಕ್ಕೆ ಸುರಿಯುತ್ತವೆ. ಯುಗಾದಿಯ ಹೊತ್ತಿಗೆ ದಂಡೆ ಹೊಟ್ಟೆ ತುಂಬಿದ ದನದಂತೆ ಮಲಗಿರುತ್ತದೆ; ಅದು ದಪ್ಪಗಾಲ. ಇಷ್ಟಲ್ಲದೆ ಮರಳಿಗೆ ಅಡ್ಡನಡಿಗೆಯೂ ಇದೆ. ತೆರೆ ಓರೆಯಾಗಿ ಬಂದು ನೇರವಾಗಿ ಇಳಿಯುತ್ತದೆ, ಪ್ರತಿ ಸಲವೂ ಕಾಳುಗಳನ್ನು ಒಂದು ಗೇಣು ಪಕ್ಕಕ್ಕೆ ಇಡುತ್ತದೆ. ಹಾಗೆ ಇಡೀ ದಂಡೆ ತೆಂಕಿನಿಂದ ಬಡಗಿಗೆ ನಡೆಯುತ್ತಲೇ ಇರುತ್ತದೆ. ತೆಂಕಿನಲ್ಲಿ ಕೈಜಾರಿದ ಚೊಂಬು ತಿಂಗಳ ಮೇಲೆ ಬಡಗಿನ ತುದಿಯಲ್ಲಿ ಸಿಗುತ್ತದೆ. "ತೆಂಕ ತಕಂಡದ್ ಬಡಗ ಕೊಡತ್ತ್" ಎಂಬುದು ನಮ್ಮಲ್ಲಿ ಮಕ್ಕಳಿಗೂ ಬರುವ ಮಾತು. ಈ ಮಾತನ್ನು ನೆನಪಿಡಿ. ನನ್ನ ಅಕ್ಕ ಇದನ್ನೇ ನಂಬಿ ಕುಳಿತಿದ್ದಾಳೆ.

ನಮ್ಮ ಮನೆಗಳಿಗೆ ಅಡಿಪಾಯವಿಲ್ಲ. ಗಾಳಿಮರದ ಕಂಬ, ತೆಂಗಿನ ಹುರಿ, ಹೆಣೆದ ಗರಿ. ಇವನ್ನು ಎತ್ತುಮನೆ ಎನ್ನುತ್ತೇವೆ. ದೈವದ ಗುಡಿಯೂ ಎತ್ತುಗುಡಿಯೇ. ದೊಡ್ಡ ಮಳೆಯಲ್ಲಿ ತೆರೆಗಳು ದಂಡೆಯ ಬೆನ್ನು ಹತ್ತಿ ಆಚೆಗೆ ಇಳಿದು ಹೊಳೆಯ ಬದಿಗೆ ಮರಳು ಚೆಲ್ಲುತ್ತವೆ. ಅದು ಹಾಯ್ಮರಳು. ಕಡಲು ಪಡುವಣದಲ್ಲಿ ತಿಂದದ್ದನ್ನು ನಮ್ಮ ತಲೆಯ ಮೇಲಿಂದ ದಾಟಿಸಿ ಮೂಡಣದಲ್ಲಿ ಇಡುವ ಕ್ರಮ ಅದು. ಮಳೆ ಇಳಿಯುವ ಸೋಣೆ ತಿಂಗಳಲ್ಲಿ ಕಡಲಿಗೆ ತೀರಾ ಹತ್ತಿರವಾದ ಸಾಲಿನ ಮನೆಗಳನ್ನು ನಲವತ್ತು ಜನ ಹೆಗಲು ಕೊಟ್ಟು ಎತ್ತಿ ಹೊಸ ಹಾಯ್ಮರಳಿನ ಮೇಲೆ ತಂದಿಡುತ್ತಾರೆ. ಒಲೆ ಆರಿಸುವುದಿಲ್ಲ. ಬೆಂಕಿಯ ಮಡಕೆ ಹಿಡಿದ ಮನೆಯೊಡತಿ ಮುಂದೆ, ಮನೆ ಹಿಂದೆ. ಹೊತ್ತವರನ್ನು ಹಂಗಿಸುವ ಹಕ್ಕು ಆ ದಿನ ಹೆಂಗಸರಿಗೆ. ಹೀಗೆ ಪಡುವಣದ ಮನೆ ಮೂಡಣಕ್ಕೆ ಹೋಗುತ್ತದೆ, ವರ್ಷ ಕಳೆದಂತೆ ಕಡಲು ಮತ್ತೆ ಅದರ ಬಾಗಿಲಿಗೆ ಬರುತ್ತದೆ. ಒಂದು ಸುತ್ತಿಗೆ ಹತ್ತೊಂಬತ್ತು ವರ್ಷ. ನನಗೆ ಎರಡನೇ ಸುತ್ತು ನಡೆಯುತ್ತಿದೆ. ಬಾವಿಯನ್ನೂ ನಾವು ಆಳ ತೋಡುವುದಿಲ್ಲ. ಮಳೆಯ ಸಿಹಿನೀರು ಮರಳಿನಡಿ ಉಪ್ಪುನೀರಿನ ಮೇಲೆ ಎಣ್ಣೆಯ ಹಾಗೆ ತೆಳ್ಳಗೆ ತೇಲುತ್ತಿರುತ್ತದೆ. ಚಿಪ್ಪಿನಲ್ಲಿ ಮೆಲ್ಲಗೆ ಮೊಗೆಯಬೇಕು. ಅವಸರದವರಿಗೆ ಇಲ್ಲಿ ಉಪ್ಪೇ ಸಿಗುವುದು.

ನಾನು ಈ ಊರಿನ ಗೆರೆಯವಳು. ಎಂದರೆ, ವರ್ಷಕ್ಕೊಮ್ಮೆ ದಂಡೆ ಅತ್ಯಂತ ತೆಳುವಾದ ದಿನ, ಕಡಲಿನ ನೀರುಗೆರೆಯಿಂದ ಹೊಳೆಯ ನೀರುಗೆರೆಯವರೆಗೆ ಬಿದಿರಿನ ಕೋಲು ಹಿಡಿದು ಊರಿನ ಅಗಲ ಅಳೆದು ಪುಸ್ತಕದಲ್ಲಿ ಬರೆಯುವವಳು. ನನಗಿಂತ ಮೊದಲು ಸೂರಜ್ಜ ನಲವತ್ತೊಂದು ವರ್ಷ ಅಳೆದರು. ಕಣ್ಣು ಮಂಜಾದಾಗ ಕೋಲನ್ನು ನನಗೆ ಕೊಟ್ಟರು, ನನ್ನ ಅಕ್ಷರ ಚೆಂದ ಎಂಬ ಕಾರಣಕ್ಕೆ. ಅವರ ಪುಸ್ತಕದಲ್ಲಿ ಇನ್ನೂರ ನಲವತ್ತಮೂರು, ಇನ್ನೂರ ನಲವತ್ತೆರಡು, ಇನ್ನೂರ ನಲವತ್ತನಾಲ್ಕು. ನನ್ನ ಹದಿಮೂರು ವರ್ಷಗಳಲ್ಲೂ ಅಷ್ಟೇ. ಪ್ರತಿ ವರ್ಷ ಊರಿನ ಕೂಟದಲ್ಲಿ ಎದ್ದು ನಿಂತು ಒಂದು ಸಾಲು ಓದಬೇಕು. ನನಗೆ ಜನರೆದುರು ದನಿ ಏಳುವುದಿಲ್ಲ, ಆದರೆ ಆ ಸಾಲಿಗೆ ದನಿ ಬೇಕಾಗಿರಲಿಲ್ಲ. "ಇನ್ನೂರ ನಲವತ್ತಮೂರು ಕೋಲು. ಬದಲಾವಣೆ ಇಲ್ಲ." ಜನ ಹೂಂ ಎಂದು ಎದ್ದು ಬೆಲ್ಲದ ನೀರು ಕುಡಿಯಲು ಹೋಗುತ್ತಿದ್ದರು. ಕಡಲು ಎಷ್ಟೆಲ್ಲ ಊರುಗಳನ್ನು ತಿಂದಿತು, ನಮ್ಮ ಊರನ್ನು ಒಂದು ಕೋಲೂ ಕಡಿಮೆ ಮಾಡಲಿಲ್ಲ ಎಂಬ ಹೆಮ್ಮೆ ನಮ್ಮೆಲ್ಲರಿಗೂ ಇತ್ತು.

ನನ್ನ ಅಕ್ಕನ ಹೆಸರು ಅಕ್ಕಣಿ. ಅವಳ ಗಂಡ ಹೆರಿಯ, ಊರಿನ ಮಧ್ಯದ ಕಡವಿನಲ್ಲಿ ದೋಣಿ ದಾಟಿಸುವವನು. ಅವರಿಗೆ ಐದು ವರ್ಷದ ಮಗಳು, ಮುಕ್ತೆ. ಹೆರಿಯನಷ್ಟು ಬಡಾಯಿಯ ಮನುಷ್ಯ ಈ ದಂಡೆಯಲ್ಲಿ ಹುಟ್ಟಿರಲಿಲ್ಲ. ದೋಣಿ ಹತ್ತಿದವರೆಲ್ಲ ಅವನ ಹುಟ್ಟಿನ ಹೊಡೆತಗಳನ್ನು ಎಣಿಸಬೇಕು. ಅದೇ ಅವನಿಗೆ ಕೊಡುವ ಮರ್ಯಾದೆ.

"ಐವತ್ತೆರ್ಡ್!" ಆಚೆ ದಡ ಮುಟ್ಟಿದ ಕೂಡಲೇ ಹುಟ್ಟನ್ನು ಮೇಲೆತ್ತಿ ಕೂಗುತ್ತಿದ್ದ. "ಅಜ್ಜಯ್ಯಂಗೆ ತೊಂಬತ್ತಾರ್ ಹುಟ್ ಬೇಕಿತ್ತ್. ಅಪ್ಪಯ್ಯಂಗೆ ಎಪ್ಪತ್ನಾಕ್. ನಂಗೆ ಐವತ್ತೆರ್ಡ್. ಇದ್ ರಟ್ಟಿ ಅಂದ್ರೆ ರಟ್ಟಿ!"

"ರಟ್ಟಿ ಅಲ್ಲ ಮಾರಾಯ, ಬಾಯಿ" ಎನ್ನುತ್ತಿದ್ದಳು ಅಕ್ಕ. "ನಿನ್ ಬಾಯಿ ಗಾಳಿಗೇ ದೋಣಿ ಹೋತಿತ್ತ್."

"ಕೇಂಡ್ಯಾ ಶೇಷಿ, ನಿನ್ ಅಕ್ಕ ಹೇಳುದ್? ಮೂರ್ ತಲಿಯದ್ದ್ ಲೆಕ್ಕ ಇದ್. ನಿನ್ ಪುಸ್ತಕದಲ್ ಬರ್ಕ."

ನಾನು ನಕ್ಕೆ. ಬರೆದುಕೊಳ್ಳಲಿಲ್ಲ. ಅದೇ ದೋಣಿಯಲ್ಲಿ ಪುಸ್ತಕ ನನ್ನ ಮಡಿಲಲ್ಲೇ ಇತ್ತು. ಹೊಳೆಯ ಅಗಲ ಬರೆಯುವ ಕ್ರಮ ನಮ್ಮಲ್ಲಿ ಇರಲೇ ಇಲ್ಲ. ಹೊಳೆ ಅರ್ಧ ಆಚೆ ದಡದವರದ್ದು. ನಮ್ಮದಲ್ಲದ್ದನ್ನು ಅಳೆಯುವುದು ಜಗಳಕ್ಕೆ ದಾರಿ ಎಂದು ಸೂರಜ್ಜ ಹೇಳಿಕೊಟ್ಟಿದ್ದರು.

ಕಳೆದ ವರ್ಷ ಆಷಾಢದಲ್ಲಿ ಒಂಬತ್ತು ದಿನ ಬಿಡದೆ ಸುರಿಯಿತು. ಬಡಗಿನ ಹಳೆಯ ಅಳಿವೆಗೆ ಮರಳು ತುಂಬಿ ಅದರ ಬಾಯಿ ಇಕ್ಕಟ್ಟಾಗಿತ್ತು. ಘಟ್ಟದಿಂದ ಇಳಿದ ನೀರಿಗೆ ಹೋಗಲು ದಾರಿ ಸಾಲದೆ ಹೊಳೆ ಏರುತ್ತಲೇ ಇತ್ತು. ಒಂಬತ್ತನೇ ದಿನ ಮಧ್ಯಾಹ್ನ ಗುರಿಕಾರರು, ಎಂದರೆ ನಮ್ಮ ಊರಿನ ಹಿರಿಯರು, ಕಡವಿನ ಹತ್ತಿರದ ಮನೆಯವರನ್ನು ಆಚೆ ದಡಕ್ಕೆ ದಾಟಿಸಲು ಹೇಳಿದರು. ಹೆರಿಯ ಮೂರು ಸಲ ದೋಣಿ ತುಂಬಿಸಿ ಬಿಟ್ಟು ಬಂದ. ಅಕ್ಕ ಮಗಳನ್ನು ಕಟ್ಟಿಕೊಂಡು ಕಡವಿನಿಂದ ಬಡಗಿಗೆ ತನ್ನ ಮನೆಯ ಜಗಲಿಯಲ್ಲಿ ನಿಂತಿದ್ದಳು. ನಾನು ಪುಸ್ತಕದ ಪೆಟ್ಟಿಗೆಯೊಂದಿಗೆ ಕಡವಿನಿಂದ ತೆಂಕಿಗೆ ಇದ್ದೆ. ನಮ್ಮಿಬ್ಬರ ನಡುವೆ ಮೂವತ್ತು ಕೋಲು ಮರಳು. ನಾಲ್ಕನೇ ಸಲ ದೋಣಿ ತುಂಬಿತು, ಅಕ್ಕನಿಗೆ ಜಾಗವಾಗಲಿಲ್ಲ.

"ನೀ ಕೂಸನ್ನ ಹಿಡ್ಕಂಡ್ ಇಲ್ಲೇ ನಿಲ್" ಎಂದ ಹೆರಿಯ. "ಈಗ ಬತ್ತೆ. ಐವತ್ತೆರ್ಡ್ ಹುಟ್, ಅಷ್ಟೇ ಅಲ್ದಾ?"

ಅವನು ಆಚೆ ಮುಟ್ಟುವಷ್ಟರಲ್ಲಿ ನಮ್ಮ ಕಾಲುದಾರಿಯ ಮೇಲೆ ಒಂದು ಎಳೆ ನೀರು ಹರಿಯುವುದನ್ನು ನೋಡಿದೆ. ಹೊಳೆಯ ಬದಿಯಿಂದ ಕಡಲಿನ ಬದಿಗೆ, ಅಂಗೈಯಷ್ಟು ಅಗಲ, ಬೆರಳಿನಷ್ಟು ಆಳ. ಮಗು ಕೂಡ ದಾಟಬಹುದಿತ್ತು. ಮಳೆಯ ನೀರು ಎಂದುಕೊಂಡೆ. ಆದರೆ ಅದು ಕಡಲಿಗೆ ಇಳಿಯುವ ಕಡೆ ಮರಳು ಹೋಳು ಹೋಳಾಗಿ ಕುಸಿಯತೊಡಗಿತು. ಕುಸಿತ ಒಂದೊಂದೇ ಹೆಜ್ಜೆ ಹಿಂದಕ್ಕೆ, ಹೊಳೆಯ ಕಡೆಗೆ ನಡೆದು ಬಂತು. ಅದು ಹೊಳೆಯನ್ನು ಮುಟ್ಟಿದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಒಂಬತ್ತು ದಿನ ಕಾದಿದ್ದ ನೀರು ಸುಮ್ಮನೆ ತಿರುಗಿತು. ಅನ್ನ ಬೇಯುವಷ್ಟು ಹೊತ್ತಿನಲ್ಲಿ ಆ ಎಳೆ ದೋಣಿಯಷ್ಟು ಅಗಲವಾಯಿತು, ಸಂಜೆಗೆ ಅರವತ್ತು ಕೋಲು. ಹೆರಿಯ ಜನರನ್ನು ಇಳಿಸಿ ಖಾಲಿ ದೋಣಿಯಲ್ಲಿ ಹೊರಟುಬಿಟ್ಟಿದ್ದ. ನಡುಹೊಳೆಯಲ್ಲಿ ದೋಣಿಯ ಮೂತಿ ತಾನಾಗಿ ಪಡುವಣಕ್ಕೆ ತಿರುಗಿತು. ಅವನು ಹುಟ್ಟು ಹಾಕುತ್ತಲೇ ಇದ್ದ. ಕಡವು, ಕಡವಿನ ಮರ, ಏಳು ಮನೆ, ಅವನು, ಎಲ್ಲವೂ ಆ ಹೊಸ ಬಾಯಿಯೊಳಗೆ ಹೋದವು. ನಾನು ಅಕ್ಕನನ್ನು ಕೂಗಿದೆ, ಹಿಂದಕ್ಕೆ ಸರಿ ಎಂದು. ಕೇಳಿಸಲಿಲ್ಲ. ಅವಳು ಕಡಲಿನ ಕಡೆ ನೋಡುತ್ತ ನಿಂತೇ ಇದ್ದಳು. ಮುಕ್ತೆಯ ಅಳುವೇ ಅವಳನ್ನು ಹಿಂದಕ್ಕೆ ಸರಿಸಿರಬೇಕು.

ಹೀಗೆ ಊರು ಎರಡು ತುಂಡಾಯಿತು. ತೆಂಕಿನ ತುಂಡು ನೆಲಕ್ಕೆ ಅಂಟಿಕೊಂಡಿದೆ. ಬಡಗಿನ ತುಂಡಿನಲ್ಲಿ ಅರವತ್ತು ಮನೆ, ಸುತ್ತಲೂ ನೀರು. ಹನ್ನೊಂದನೇ ದಿನ ಹೆರಿಯನ ದೋಣಿಯ ಮೂರು ಹಲಗೆ ಬಡಗಿನ ತುದಿಗೆ ಬಂದು ಬಿದ್ದವು. ಅವನು ಬರಲಿಲ್ಲ. ಅಂದಿನಿಂದ ಅಕ್ಕ ಪ್ರತಿ ದಿನ ಬೆಳಕು ಹರಿದ ಕೂಡಲೇ ಮಗಳ ಕೈ ಹಿಡಿದು ತುದಿಗೆ ನಡೆಯುತ್ತಾಳೆ, ತೆರೆ ಬಿಟ್ಟುಹೋದದ್ದನ್ನೆಲ್ಲ ಕಾಲಿನಿಂದ ತಿರುವಿ ನೋಡುತ್ತಾಳೆ. ಮುಕ್ತೆ ಒಮ್ಮೆ ನನ್ನನ್ನು ಕೇಳಿದಳು: "ಚಿಕ್ಕಿ, ಅಪ್ಪಯ್ಯ ಈಗ ಎಷ್ಟ್ ಹುಟ್ ದೂರ ಇದ್ದ?"

ಆ ರಾತ್ರಿಯಲ್ಲ, ಮರುದಿನ ಮಧ್ಯಾಹ್ನ ಮೀನು ಹೆರೆಯುತ್ತಿದ್ದಾಗ, ನನ್ನ ಕೈ ನಿಂತಿತು. ತೊಂಬತ್ತಾರು, ಎಪ್ಪತ್ತನಾಲ್ಕು, ಐವತ್ತೆರಡು. ಮೂರು ತಲೆಮಾರಿನಲ್ಲಿ ರಟ್ಟೆ ಗಟ್ಟಿಯಾಗಿರಲಿಲ್ಲ. ಹೊಳೆ ಸಣ್ಣದಾಗಿತ್ತು. ನಾವು ಊರಿನ ಅಗಲವನ್ನು ಮಾತ್ರ ಅಳೆದೆವು. ಅದು ಎಂದೂ ಬದಲಾಗಲಿಲ್ಲ, ಏಕೆಂದರೆ ಊರು ಅಗಲ ಕಳೆದುಕೊಳ್ಳದೆ ಇಡಿಯಾಗಿ ಮೂಡಣಕ್ಕೆ ಉರುಳುತ್ತಿತ್ತು. ಮುಂದಿನ ಮನೆ ಹಿಂದಕ್ಕೆ ಹೊತ್ತೊಯ್ದು ನಾವೂ ಅದರ ಜೊತೆಗೇ ಉರುಳಿದೆವು. ಮೊದಮೊದಲು ಹೊಳೆಯೂ ಆಚೆ ದಡವನ್ನು ಕೊರೆಯುತ್ತ ನಮ್ಮೊಂದಿಗೆ ಸರಿದಿರಬೇಕು. ಆಮೇಲೆ ಅದಕ್ಕೆ ಗುಡ್ಡದ ಕಲ್ಲು ಅಡ್ಡ ಬಂತು. ನಾವು ನಿಲ್ಲಲಿಲ್ಲ. ಕಲ್ಲಿಗೂ ನಮಗೂ ನಡುವೆ ಸಿಕ್ಕಿದ ಹೊಳೆಗೆ ಕೊನೆಗೆ ಉಳಿದದ್ದು ನಮ್ಮನ್ನು ಸೀಳುವ ದಾರಿ ಒಂದೇ.

ಇದನ್ನು ಕೂಟದಲ್ಲಿ ಹೇಳಿದೆ. ಎರಡು ಸಲ ಹೇಳಬೇಕಾಯಿತು, ಹಿಂದೆ ಕೂತವರಿಗೆ ಕೇಳಲಿಲ್ಲವಂತೆ. ಈಗಿನ ದಪ್ಪಗಾಲದಲ್ಲಿ ಸಣ್ಣ ತೆರೆಗಳು ಹೊಸ ಅಳಿವೆಯ ಬಾಯಿಗೆ ಮರಳು ತಂದು ಸುರಿಯುತ್ತಿವೆ, ಇಳಿತದ ಹೊತ್ತಿನಲ್ಲಿ ಅಲ್ಲಿ ಸೊಂಟದ ನೀರು. ಗಾಯ ಮಾಯುತ್ತಿದೆ ಎಂದು ಎಲ್ಲರೂ ನಂಬಿದ್ದಾರೆ. ಅದು ಮಾಯುವುದಿಲ್ಲ; ಹೊಳೆಗೆ ಜಾಗವಿಲ್ಲದಿರುವವರೆಗೆ ಪ್ರತಿ ಮಳೆಯಲ್ಲೂ ಎಲ್ಲಾದರೊಂದು ಕಡೆ ದಂಡೆ ಹರಿಯುತ್ತದೆ, ಬಡಗಿನ ತುಂಡಿನ ಸೊಂಟ ಎಲ್ಲಕ್ಕಿಂತ ಸಣ್ಣದು, ಅರವತ್ತು ಮನೆಯನ್ನು ಮಳೆಗೆ ಮೊದಲು ಎತ್ತಬೇಕು ಎಂದೆ.

"ಈ ಹೆಣ್ಣಿಗೆ ಓದಿದ್ ಜಾಸ್ತಿ ಆಯ್ತ್" ಎಂದಿತು ಹಿಂದಿನಿಂದ ಒಂದು ದನಿ. ನಾಲ್ಕು ಜನ ನಕ್ಕರು.

ಗುರಿಕಾರ ತಿಮ್ಮಪ್ಪನವರು ನಗಲಿಲ್ಲ. "ಎಂತ ಹೆಣ್ಣೇ, ಸತ್ತವನ್ ತಮಾಷಿ ಹಿಡ್ಕಂಡ್ ಅರ್ವತ್ ಮನಿ ಏಳ್ಸುಕ್ ಆತ್ತಾ? ನಿನ್ ಪುಸ್ತಕ ಎಂತ ಹೇಳತ್ತ್? ಹದಿಮೂರ್ ವರ್ಷ ನೀನೇ ಬರ್ದದ್, ಬದಲಾವಣಿ ಇಲ್ಲ, ಬದಲಾವಣಿ ಇಲ್ಲ ಅಂದ್."

ಕೂಟ ಮುಗಿದ ಮೇಲೆ ಅವರೇ ನನ್ನ ಹತ್ತಿರ ಬಂದರು. ಅವರ ಕಣ್ಣಿನ ಕೆಳಗೆ ನಿದ್ದೆಯಿಲ್ಲದ ಕಪ್ಪು ಇತ್ತು. "ಎತ್ತುಕಾಯ್ತ್ ಮಗಾ. ಎತ್ತಿ ಎಲ್ಲಿ ಇಡುದ್? ಆಚಿ ದಡದವ್ರ್ ಒಂದ್ ಕೋಲ್ ಜಾಗ ಕೊಡುದಿಲ್ಲೆ. ನಾ ಹೋಯ್ ಕೈ ಮುಗ್ದ್ ಕೇಣ್ಕಾರೆ ನಂಗೊಂದ್ ಗಟ್ಟಿ ಅಳತಿ ಬೇಕ್. ಎಷ್ಟ್ ವರ್ಷದಲ್ ಎಷ್ಟ್ ಸರ್ದಿತ್ತ್, ಇನ್ನೆಷ್ಟ್ ದಿನ ಇತ್ತ್, ಅಷ್ಟ್ ಹೇಳ್. ಮುಂದಿನ್ ಕೂಟಕ್ಕೆ ತಕಂಡ್ ಬಾ."

ಆ ಅಳತೆ ನನ್ನಲ್ಲಿಲ್ಲ. ಉರುಳುವ ಊರಿನೊಳಗೆ ನಿಂತು ಉರುಳಿದ್ದನ್ನು ಅಳೆಯಲಾಗುವುದಿಲ್ಲ. ಅಲುಗದ ಒಂದು ಗುರುತು ಹೊರಗೆ ಬೇಕು. ನೀವು ಕಡಲಿಗೆ ಅಡ್ಡ ಹಾಕಿದ ಕಲ್ಲುಗಳು ಗುರುತಾಗಿ ಉಳಿಯಲಿಲ್ಲ. ಕೆಲವು ಮುಳುಗಿದವು, ಕೆಲವು ಉರುಳಿದವು, ಉಳಿದವನ್ನು ನಮ್ಮ ಹಿರಿಯರೇ ಲಂಗರಿಗೆ ಕಟ್ಟಿಕೊಂಡರು. ನಿಮ್ಮ ನಕ್ಷೆಗಳೆಲ್ಲ ಬೆಳಕಿನ ಗಾಜಿನೊಳಗೆ ಇದ್ದವು ಎಂದು ಓದಿದ್ದೇನೆ. ಗಾಜು ಈಗಲೂ ಮರಳಿನಲ್ಲಿ ಸಿಗುತ್ತದೆ, ಕಪ್ಪಗೆ. ಹೊಳೆ ತರಬೇಕಾಗಿದ್ದ ಮರಳು ನಿಮ್ಮ ಕಾಲದಲ್ಲಿ ಕಡಲಿಗೆ ಬರುವುದು ಕಡಿಮೆಯಾಯಿತು ಎಂದೂ ಓದಿದ್ದೇನೆ. ಅದು ಎಲ್ಲಿಗೆ ಹೋಯಿತು ಎಂದು ನಿಮಗೇ ಗೊತ್ತಿರುತ್ತದೆ. ಅದನ್ನು ಕೇಳಲು ನಾನು ಬರೆಯುತ್ತಿಲ್ಲ.

ಹೊಳೆಯ ಮೂಡಣ ದಡದಲ್ಲಿ, ಗುಡ್ಡದ ಬುಡಕ್ಕೆ, ಕೊಕ್ಕರೆ ಕತ್ತು ಬಾಗಿಸಿ ನಿಂತಂತೆ ಒಂದು ಕರಿಗಲ್ಲು ಇದೆ. ನಾವು ಅದನ್ನು ದೂರಕಲ್ಲು ಎನ್ನುತ್ತೇವೆ. ಒಂದು ಕಾಲದಲ್ಲಿ ಅದು ನೀರಿನಿಂದ ಎಷ್ಟು ದೂರ ಇತ್ತೆಂದರೆ ಹುಲ್ಲಿಗೆ ಹೋದ ಹೆಂಗಸರು ಅದರ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದರಂತೆ. ಈಗ ಅದಕ್ಕೆ ಒರಗಿ ನಿಂತವರ ಕಾಲು ಹೊಳೆಯಲ್ಲಿ ಇರುತ್ತದೆ. ಅಲುಗದೆ ನಿಂತದ್ದು ಈ ಸೀಮೆಯಲ್ಲಿ ಅದೊಂದೇ. ನಿಮ್ಮಲ್ಲಿ ಯಾರಾದರೂ ಅದರ ಮೇಲೆ ಏನಾದರೂ ಕೆತ್ತಿರಬಹುದು ಎಂದು ಮೂರು ದಿನದಿಂದ ಅದರ ಪಡುಮುಖದ ಪಾಚಿಯನ್ನು ಕೆರೆಯುತ್ತಿದ್ದೇನೆ. ಮೇಲಿನ ಭಾಗದಲ್ಲಿ ಏನೂ ಇಲ್ಲ. ನಿನ್ನೆ ಹೊಳೆಯಿತು: ಜನ ಕೆತ್ತುವುದು ಎದೆಯೆತ್ತರದಲ್ಲಿ. ನಿಮ್ಮ ಎದೆಯೆತ್ತರ ಈಗ ನಮ್ಮ ಮೊಣಕಾಲಿನ ಕೆಳಗೆ, ಅಂದಿನಿಂದ ಏರಿದ ನೀರು ಮತ್ತು ಕೆಸರಿನ ಒಳಗೆ ಇದೆ. ನಾಳೆ ಬೆಳಗಿನ ಇಳಿತ ಈ ಕಾಲದಲ್ಲೇ ದೊಡ್ಡದು. ಕಲ್ಲಿನ ಬುಡ ಒಂದು ಗಳಿಗೆ ಕೈಗೆ ಎಟುಕುತ್ತದೆ. ಸಂಜೆ ಕೂಟ.

ಇವತ್ತು ಅಕ್ಕನಿದ್ದಲ್ಲಿಗೆ ಹೋಗಿದ್ದೆ. ನನ್ನ ಜೊತೆ ತೆಂಕಿಗೆ ಬಂದುಬಿಡು ಎಂದು ಮತ್ತೆ ಕೇಳಿದೆ.

"ಈ ದಪ್ಪಗಾಲ ಮುಗಿವಷ್ಟ್ ದಿನ ನಾ ಎಲ್ಲಿಗೂ ಬತ್ತಿಲ್ಲೆ" ಎಂದಳು. "ಹಲ್ಗಿ ಕೊಟ್ಟಿತ್ತಲೆ? ಅವ್ನನ್ನೂ ಕೊಡತ್ತ್."

"ದಪ್ಪಗಾಲ ಮುಗಿದ್ರೆ ಮಳಿ, ಅಕ್ಕ. ಮತ್ತೆ ದಾಟುಕ್ ಆತಿಲ್ಲೆ."

ಮುಕ್ತೆ ನಮ್ಮ ಪಕ್ಕದಲ್ಲಿ ಕುಳಿತು, ನೀರುಗೆರೆಯ ಉದ್ದಕ್ಕೂ ಚಿಪ್ಪುಗಳನ್ನು ನೆಟ್ಟು, ತೆರೆ ಒಯ್ದದ್ದನ್ನು ಮತ್ತೆ ನೆಡುತ್ತಿದ್ದಳು.

"ನಿನ್ ಪುಸ್ತಕ ಹೇಳದ್ ನಾ ನಂಬುದಿಲ್ಲೆ" ಎಂದಳು ಅಕ್ಕ ಕೊನೆಗೆ, ಸಿಟ್ಟಿಲ್ಲದೆ. "ಅದ್ ಹೇಳಿದ್ದನ್ನೇ ನಂಬಿ ಅವ ಹೋದ. ಕಲ್ಲಲ್ ಬರ್ದಿದ್ರೆ ಹೇಳ್. ಅದ್ ನಮ್ ಒಟ್ಟಿಗ್ ಉರುಳಿದ್ದಲ್ಲ. ಕಲ್ ಹೇಳಿರೆ ಕೂಸನ್ನ ಕರ್ಕಂಡ್ ಬತ್ತೆ."

ಅವಳು ಎದ್ದರೆ ಉಳಿದ ಐವತ್ತೊಂಬತ್ತು ಮನೆಯೂ ಏಳುತ್ತವೆ. ಕಾಯುತ್ತಿರುವ ಹೆಂಗಸನ್ನು ಬಿಟ್ಟು ಮೊದಲು ಹೊರಡಬಾರದು ಎಂಬುದು ನಮ್ಮ ಕ್ರಮ.

ಆದ್ದರಿಂದ ನಿಮ್ಮಲ್ಲಿ ಕೇಳುತ್ತೇನೆ. ಈ ಪತ್ರ ಮುಟ್ಟಿದ ದಿನವೇ ಆ ಕಲ್ಲಿಗೆ ಹೋಗಿ. ನಿಮ್ಮಲ್ಲಿ ಅದಕ್ಕೆ ಬೇರೆ ಹೆಸರಿರಬಹುದು, ಹೆಸರೇ ಇಲ್ಲದಿರಬಹುದು. ಕೊಕ್ಕರೆಯ ಕತ್ತು ನೋಡಿದರೆ ಗೊತ್ತಾಗುತ್ತದೆ. ಅಲ್ಲಿಂದ ಹೊಳೆಯ ಅಂಚಿಗೆ ಎಷ್ಟು ಹೆಜ್ಜೆ, ಹೊಳೆ ಎಷ್ಟು ಹುಟ್ಟು ಅಗಲ, ಆಚೆ ಮರಳು ದಾಟಿ ಕಡಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ. ಹೊಳೆ ನಿಮ್ಮದಲ್ಲ ಎಂದು ಬಿಡಬೇಡಿ. ಆ ಮೂರು ಅಂಕಿಗಳನ್ನೂ ವರ್ಷವನ್ನೂ ಕಲ್ಲಿನ ಪಡುಮುಖದಲ್ಲಿ ಕೆತ್ತಿ. ಬಣ್ಣದಲ್ಲಿ ಬರೆಯಬೇಡಿ. ನೀವು ಬೇರೆ ಊರಿನವರಾಗಿದ್ದರೆ ನಿಮ್ಮ ಊರಿನ ಅಲುಗದ ಕಲ್ಲಿಗೆ ಹೋಗಿ. ಅಲ್ಲಿಯೂ ಯಾರೋ ಒಬ್ಬರು ಪಾಚಿ ಕೆರೆಯುತ್ತಿರುತ್ತಾರೆ.

ಏನೂ ಕೆತ್ತಿಲ್ಲದಿದ್ದರೆ ನಾನು ನಿಮ್ಮನ್ನು ಬೈಯುವುದಿಲ್ಲ. ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಹದಿಮೂರು ವರ್ಷ ಹೊಳೆ ದಾಟಿದವಳು ನಾನು. ಆಗ ನಾನೇ ಉಳಿ ಹಿಡಿದು ಇವತ್ತಿನ ಅಂಕಿಗಳನ್ನು ಕೆತ್ತುತ್ತೇನೆ. ಅದು ಮುಂದೆ ಯಾರಿಗಾದರೂ ಸಿಗಬಹುದು, ಅಕ್ಕನಿಗೆ ಸಿಗುವುದಿಲ್ಲ.

ಉಳಿಯನ್ನು ಬೆರಳು ಮುಳುಗುವಷ್ಟು ಆಳಕ್ಕೆ ಇಳಿಸಿ. ನಾಳೆ ಕಲ್ಲಿನ ಬುಡದಲ್ಲಿ ನೀರು ಕಲಕಿರುತ್ತದೆ, ಕಣ್ಣಿಗೆ ಕಾಣಲಾರದು. ನಾನು ಕೈಯಿಂದ ಮುಟ್ಟಿ ಓದಬೇಕು.

ಶೇಷಿ
ನಡುಕೋಡಿಯ ಗೆರೆಯವಳು